ಕೋಡಿಯ ಹತ್ತಿರ, ಭಾನುವಾರ

ಮೂವತ್ತೊಂದು ವರ್ಷ ಈ ಊರಿಗೆ ನೀರು ಬಿಟ್ಟವನು ನಾನು.
ಹೆಗಲ ಮೇಲೆ ಕಬ್ಬಿಣದ ಉದ್ದ ಕೀಲಿ, ಬೆಳಗಿನ ಜಾವ ನಾಲ್ಕು,
ಯಾವ ಬೀದಿಗೆ ಎಷ್ಟು ತಿರುವು
ತಲೆಗಿಂತ ಮೊದಲು ಕೈಗೇ ಗೊತ್ತಿತ್ತು.
ವೇಣಿ ಹೋದ ವಾರ
ನಮ್ಮ ಬೀದಿಗೇ ನೀರು ಬಿಡುವುದು ಮರೆತೆ.
ಎರಡು ದಿನ. ಯಾರೂ ಬಂದು ಕೇಳಲಿಲ್ಲ.
ಕೊಡ ಹಿಡಿದು ಸದ್ದಿಲ್ಲದೆ
ಪಕ್ಕದ ಬೀದಿಗೆ ಹೋಗಿ ತಂದುಕೊಂಡರಂತೆ.

ಆಮೇಲೆ ಯಾರೋ ಹೇಳಿದರು:
ಜಕ್ಕೂರು ಕೆರೆ ಏರಿಯ ಮೇಲೆ, ಬೇವಿನ ಮರದ ಕೆಳಗೆ,
ನಿನ್ನಂಥವರು ಸೇರುತ್ತಾರೆ, ಹೋಗಿ ನೋಡು.

ನನ್ನಂಥವರು ಆರು ಜನ.
ಟೆರೆಸಿಟಾ ಮೇಡಂ ಮೊದಲ ದಿನವೇ ಹೇಳಿಬಿಟ್ಟರು,
ಇಲ್ಲಿ ಯಾರೂ ಯಾರನ್ನೂ ‘ಹೇಗಿದ್ದೀರಿ’ ಅನ್ನಬಾರದು.
ಬಂದವರು ಹಕ್ಕಿ ಎಣಿಸಬೇಕು.
ನನಗೆ ಬಂದದ್ದು ನಾಮದ ಕೋಳಿ.
ಕಪ್ಪು ಮೈ, ಹಣೆಗೆ ಬಿಳಿ ನಾಮ,
ಮುಳುಗಿದರೆ ಎಲ್ಲಿ ಏಳುತ್ತದೋ ಹೇಳಲಾಗದು.
ನಡುವೆ ಅಳು ಬಂದರೆ ಲೆಕ್ಕ ತಪ್ಪುತ್ತದೆ;
ಮತ್ತೆ ಒಂದರಿಂದ.
ಮೊದಲ ತಿಂಗಳು ನಾನು ನಲವತ್ತು ದಾಟಲಿಲ್ಲ.

ಜಬೀನಾ ಫ್ಲಾಸ್ಕಿನಲ್ಲಿ ಚಹಾ ತರುತ್ತಾಳೆ,
ಹಲ್ಲು ಜುಮ್ಮೆನ್ನುವಷ್ಟು ಸಿಹಿ. ಅವರಿಗೆ ಹಾಗೇ ಬೇಕಿತ್ತಂತೆ.
ನನಗೆ ಸಕ್ಕರೆ ಕಾಯಿಲೆ. ಕುಡಿಯುತ್ತೇನೆ.

ಕೊನೆಗೆ ಬಂದು ಸೇರಿದವಳು ಸುಗುಣ, ಗಂಗೊಳ್ಳಿಯವಳು,
ಪೀಣ್ಯದ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಾಳೆ.
ತಮ್ಮ ಹೋದ ದೋಣಿಯ ಹಲಗೆ ಎರಡು ದಡಕ್ಕೆ ಬಂದವು,
ತಮ್ಮ ಬರಲಿಲ್ಲ.
‘ಕಡ್ಲ್ ಕಾಂಬುಕೆ ಆತಿಲ್ಲ, ಅದ್ಕೇ ಇಲ್ಲಿಗ್ ಬಂದದ್’
ಅಂದಳು ಒಮ್ಮೆ, ನೆಲ ನೋಡುತ್ತ.
ಕಡಲಿಲ್ಲದ್ದೂ ಒಂದು ಊರಿಗೆ ಗುಣವಾಗಬಹುದೆಂದು
ಇಲ್ಲೇ ಹುಟ್ಟಿದ ನನಗೆ ಹೊಳೆದಿರಲಿಲ್ಲ.

ಆ ವರ್ಷ ದಸರೆಯ ಮಳೆಗೆ ಕೆರೆ ತುಂಬಿ
ಕೋಡಿ ಬಿತ್ತು. ನಾವೆಲ್ಲ ಓಡಿಹೋಗಿ ನಿಂತೆವು.
ನೀರು ಕಂಡರೆ ಬಾಯಿ ಸುಮ್ಮನಿರದ ಕಸುಬು ನನ್ನದು:
ಇದು ರಾಚೇನಹಳ್ಳಿಗೆ, ಅಲ್ಲಿಂದ ಕಲ್ಕೆರೆ,
ಎಲೆಮಲ್ಲಪ್ಪ ಶೆಟ್ಟರ ಕೆರೆ, ಆಮೇಲೆ ಪಿನಾಕಿನಿ,
ಗಡಿ ದಾಟಿ, ನೆಟ್ಟಗೆ ಕಡಲಿಗೆ, ಅಂದುಬಿಟ್ಟೆ.
ಸುಗುಣ ಚೀಲ ಎತ್ತಿಕೊಂಡು ಹೊರಟಳು.

ಮೂರು ಭಾನುವಾರ ಬರಲಿಲ್ಲ.
ತಪ್ಪು ವಾಲ್ವ್ ತಿರುಗಿಸಿದ ಹಾಗೆ ಕೈ ನಡುಗುತ್ತಿತ್ತು ನನಗೆ.
ಹೇಳದೇ ಉಳಿಸಿಕೊಂಡದ್ದು ಇನ್ನೊಂದಿತ್ತು:
ಈ ಕೆರೆಗೆ ಬರುವುದು ಮಳೆಯೊಂದೇ ಅಲ್ಲ,
ನಮ್ಮ ನಮ್ಮ ಬಚ್ಚಲಿನದೂ, ಸೋಸಿ, ತಿಳಿಯಾಗಿ.
ವೇಣಿಗೆ ಕೊನೆಯ ಸಲ ಮೀಯಿಸಿದ ನೀರು
ಅಂಗಳದ ಮೋರಿಯಲ್ಲಿ ಇಳಿದದ್ದು ಕಂಡಿದ್ದೇನೆ.
ಆ ಪೈಪು ಎಲ್ಲಿಗೆ ಹೋಗುತ್ತದೆ
ನನಗಲ್ಲದೆ ಇನ್ಯಾರಿಗೆ ಗೊತ್ತು.

ನಾಲ್ಕನೆಯ ಭಾನುವಾರ ಬಂದಳು.
ಬಂದವಳೇ, ‘ಅದ್ ಬೇರೆ ಕಡ್ಲ್ ಅಲ್ದಾ? ಮೂಡ್ ಬದಿದ್?’
ಹೌದು, ಮೂಡಣದ್ದು, ಅಂದೆ.
ಜಬೀನಾ ಲೋಟ ತುಂಬಿಸುತ್ತ, ‘ಸುತ್ತು ಹಾಕಿದರೆ ಸಿಗುತ್ತಲ್ಲ?’
ಮೇಡಂ ಕೋಲಿನಿಂದ ಮಣ್ಣಿನ ಮೇಲೆ ನಕ್ಷೆ ಬರೆದರು,
ಕನ್ಯಾಕುಮಾರಿಗೆ ಒಂದು ಬೆಣಚುಕಲ್ಲು ಇಟ್ಟರು.
ಸುಗುಣ ಆ ಕಲ್ಲನ್ನೇ ಬಹಳ ಹೊತ್ತು ನೋಡಿದಳು.

ಮತ್ತೆ ಚಪ್ಪಲಿ ಬಿಟ್ಟು ಕೋಡಿಗೆ ಇಳಿದು
ಸೆರಗಿನ ಗಂಟು ಬಿಚ್ಚಿ
ಒಂದು ಹಿಡಿ ಕುಚಲಕ್ಕಿ ಅನ್ನ ಬಿಟ್ಟಳು.
ಎರಡು ಮಾರೂ ಹೋಗಲಿಲ್ಲ ಅದು.
ಜಿಲೇಬಿ ಮೀನುಗಳು ಎಲ್ಲಿದ್ದವೋ,
ಕಣ್ಣು ಮಿಟುಕಿಸುವಷ್ಟರಲ್ಲಿ ಒಂದಗುಳಿಲ್ಲ.
‘ಹೊಟ್ಟೆಬಾಕ!’ ಎಂದು ಬೈದಳು.
ಮೀನಿಗೋ, ತಮ್ಮನಿಗೋ.
ಮೊದಲ ಸಲ ಅವಳ ಹಲ್ಲು ಕಂಡಿತು,
ಎದುರಿನ ಒಂದು ಸ್ವಲ್ಪ ಮುರಿದಿದೆ.

ನಾನೂ ಇಳಿದೆ. ಮೊಣಕಾಲವರೆಗೆ ತಣ್ಣಗೆ.
ಕೈಯಲ್ಲಿ ಏನೂ ಇರಲಿಲ್ಲ.
ನೀರು ನನ್ನ ಎರಡು ಕಾಲು ಬಳಸಿ
ತಿರುವಿಲ್ಲದೆ, ಕೀಲಿಯಿಲ್ಲದೆ ತಾನೇ ಹೋಯಿತು.

ನಾಮದ ಕೋಳಿ ಇವತ್ತು ನೂರ ಹನ್ನೊಂದು.
ಜಬೀನಾ ಪ್ರಕಾರ ನೂರ ಒಂಬತ್ತು.